ಆಪರೇಷನ್ ವೇಳೆ ಕೊಡುವ ಮತ್ತಿನ ಔಷಧಿಯಿಂದ ಕಿಡ್ನಿ ಹಾಳಾಗುತ್ತದೆಯೇ?

ಹೊಂಗೆನೆರಳು

ಅಪ್ಪನಿಗೆ 68 ವರ್ಷ. ಪಿತ್ತಕೋಶದಲ್ಲಿ ಕಲ್ಲಿದೆ, ಲ್ಯಾಪರೋಸ್ಕೋಪಿ ಮಾಡಿ ತೆಗೆಯಬೇಕು ಎಂದಿದ್ದಾರೆ. ಆದರೆ ಅವರ ಕಿಡ್ನಿ ಮೊದಲೇ ಸೋತಿದೆ. ರಕ್ತದಲ್ಲಿ ಉಳಿದ ಕಸ ತೋರಿಸುವ ಕ್ರಿಯಾಟಿನಿನ್ 1.9, ಕಿಡ್ನಿ ಸೋಸುವ ವೇಗ ತೋರಿಸುವ ಇಜಿಎಫ್‌ಆರ್ 38. ಒಂದು ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಬಿಪಿಗೆ ಟೆಲ್ಮಿಸಾರ್ಟನ್, ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ.

ಮನೆಯಲ್ಲಿ ತಲೆಗೊಂದು ಮಾತು. ಮತ್ತಿನ ಔಷಧಿ ಕಿಡ್ನಿಗೆ ವಿಷ, ಆಪರೇಷನ್ನೇ ಬೇಡ ಎಂದು ಒಬ್ಬರು. ಪೂರ್ತಿ ಪ್ರಜ್ಞೆ ತಪ್ಪಿಸದೆ ಸ್ವಲ್ಪ ಮಂಪರು ಬರಿಸಿ ಮಾಡಿಸಿ ಎಂದು ಇನ್ನೊಬ್ಬರು. ಮುಂದಿನ ವಾರ ಅರಿವಳಿಕೆ ಡಾಕ್ಟರನ್ನು ನೋಡಬೇಕು. ಅವರ ಹತ್ತಿರ ಏನು ಕೇಳಬೇಕು ಅನ್ನುವುದೇ ಹೊಳೆಯುತ್ತಿಲ್ಲ. ಯಾವ ಔಷಧಿ ಕಿಡ್ನಿಗೆ ಸೇಫ್? ಯಾವುದು ಬೇಡ ಎನ್ನಬೇಕು? ಗೊತ್ತಿದ್ದವರು ಹೇಳಿ.

ಕಡಲತೀರ

ನನಗೆ ಗೊತ್ತಿರುವ ಒಬ್ಬರು ನಡೆದುಕೊಂಡೇ ಆಪರೇಷನ್‌ಗೆ ಹೋದರು, ಆಮೇಲೆ ಡಯಾಲಿಸಿಸ್‌ಗೆ ಬಂದರು. ಅನಸ್ತೇಶಿಯಾ ಜಾಸ್ತಿಯಾಯಿತು ಅಂತಲೇ ಎಲ್ಲರೂ ಹೇಳಿದ್ದು. ಸುಮ್ನೆ ಹೆದರಿಸುತ್ತಿಲ್ಲ. ಯೋಚನೆ ಮಾಡಿ.

ನಿದ್ದೆಗಾವಲು

ನಾನು ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮ ಅಪ್ಪನ ಫೈಲ್ ನೋಡದೆ ಅವರಿಗೆ ಏನು ಕೊಡಬೇಕು ಎಂದು ಹೇಳುವುದಿಲ್ಲ. ಆದರೆ ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಅದನ್ನು ಬಿಡಿಸಿದರೆ ಅರ್ಧ ಭಯ ಕಡಿಮೆಯಾಗುತ್ತದೆ.

ಒಂದು, ಮತ್ತಿನ ಔಷಧಿ ಕಿಡ್ನಿಯನ್ನು ಕೆಡಿಸುತ್ತದೆಯೇ? ಇನ್ನೊಂದು, ಮೊದಲೇ ಕೆಟ್ಟಿರುವ ಕಿಡ್ನಿ ಆ ಔಷಧಿಯನ್ನು ಹೊರಹಾಕದೆ ಉಳಿಸಿಕೊಳ್ಳುತ್ತದೆಯೇ? ಜನ ಮೊದಲನೆಯದನ್ನೇ ಕೇಳುತ್ತಾರೆ. ದಿನನಿತ್ಯದ ಕೆಲಸದಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ: ಇವತ್ತು ಬಳಕೆಯಲ್ಲಿರುವ ಪ್ರೊಪೊಫಾಲ್, ಮಿಡಜೋಲಾಮ್, ಡೆಕ್ಸ್‌ಮೆಡಿಟೊಮಿಡಿನ್, ಕೆಟಮಿನ್, ಎಟೊಮಿಡೇಟ್ ಯಾವುದೂ ಆಪರೇಷನ್‌ನಲ್ಲಿ ಕೊಡುವ ಪ್ರಮಾಣದಲ್ಲಿ ಕಿಡ್ನಿಯ ಜೀವಕೋಶಗಳನ್ನು ನೇರವಾಗಿ ಸುಡುವುದಿಲ್ಲ. ಪೆಟ್ಟು ಬಿದ್ದರೆ ಅದು ಬಳಸುದಾರಿಯಲ್ಲಿ ಬೀಳುತ್ತದೆ. ಆ ದಾರಿಯ ಹೆಸರು ಬಿಪಿ.

ಎರಡೂ ಕಿಡ್ನಿ ಸೇರಿದರೂ ದೇಹದ ತೂಕದಲ್ಲಿ ಶೇ. 1 ಕೂಡ ಇಲ್ಲ. ಆದರೂ ಹೃದಯ ಹೊರಹಾಕುವ ರಕ್ತದಲ್ಲಿ ಶೇ. 20ರಿಂದ 25 ಅಲ್ಲಿಗೇ ಹೋಗುತ್ತದೆ, ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್. ಅಷ್ಟು ರಕ್ತ ಸೋಸಬೇಕಾದರೆ ಒತ್ತಡ ಬೇಕು. ಬಿಪಿ ಸ್ವಲ್ಪ ಏರಿಳಿದರೂ ಆರೋಗ್ಯವಂತ ಕಿಡ್ನಿ ತನ್ನ ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ ಸಂಭಾಳಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಬಿಪಿ, ಶುಗರ್ ಇದ್ದವರಲ್ಲಿ ಈ ಚಳಕ ಕಡಿಮೆಯಾಗಿರುತ್ತದೆ. ಪ್ರೊಪೊಫಾಲ್ ಕೊಟ್ಟ ತಕ್ಷಣ ರಕ್ತನಾಳಗಳು ಸಡಿಲವಾಗುತ್ತವೆ, ಬಿಪಿ ಇಳಿಯುತ್ತದೆ. ವಯಸ್ಸಾದವರಿಗೆ, ಉಪವಾಸದಿಂದ ನೀರು ಕಡಿಮೆಯಾಗಿರುವವರಿಗೆ ಜಾಸ್ತಿ ಇಳಿಯುತ್ತದೆ. ಯಾರೂ ಗಮನಿಸದೆ ಅದು ಹಾಗೇ ಕೆಳಗೆ ಉಳಿದರೆ ಕಿಡ್ನಿ ಒಣಗುತ್ತದೆ.

ಹಾಗಾಗಿ "ಯಾವ ಔಷಧಿ ಕೊಡುತ್ತೀರಿ" ಅನ್ನುವುದಕ್ಕಿಂತ "ಬಿಪಿಯನ್ನು ಎಲ್ಲಿ ಹಿಡಿದಿಡುತ್ತೀರಿ" ಎಂದು ಕೇಳಿ. ಈ ಪ್ರಶ್ನೆ ಕೇಳಿದರೆ ನಮಗೆ ಬೇಜಾರೇನೂ ಆಗುವುದಿಲ್ಲ.

ಕಡಲತೀರ

ಹಾಗಾದರೆ ಡಯಾಲಿಸಿಸ್‌ಗೆ ಹೋದವರ ಕಥೆ ಏನು? ಔಷಧಿ ತಪ್ಪಿಲ್ಲ ಅಂದರೆ ಡಾಕ್ಟರ್‌ಗಳು ತಪ್ಪಿಸಿಕೊಳ್ಳಲು ಸುಲಭ ಅಲ್ವಾ?

ನಿದ್ದೆಗಾವಲು

@ಕಡಲತೀರ ಅವರಿಗೆ ಏನಾಯಿತು ಎಂದು ಇಲ್ಲಿ ಕೂತು ಹೇಳಲಾಗದು. ಆದರೆ ಆಪರೇಷನ್ ನಂತರ ಕಿಡ್ನಿ ಕೈಕೊಟ್ಟಾಗ ನೋಡಬೇಕಾದ್ದು ಬಹಳ ಇರುತ್ತದೆ. ರಕ್ತ ಎಷ್ಟು ಹೋಯಿತು, ಸೋಂಕು ಇತ್ತೇ, ಮೊದಲೇ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣಲು ಕೊಡುವ ದ್ರವ) ಕೊಟ್ಟು ಸ್ಕ್ಯಾನ್ ಆಗಿತ್ತೇ, ಜೆಂಟಾಮೈಸಿನ್ ಅಥವಾ ಅಮಿಕಾಸಿನ್‌ನಂಥ ಆಂಟಿಬಯಾಟಿಕ್ ಕೊಟ್ಟಿದ್ದರೇ, ನೋವಿಗೆ ಡೈಕ್ಲೋಫೆನಾಕ್ ಹೋಗಿತ್ತೇ. ಮತ್ತಿನ ಔಷಧಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ. ತಪ್ಪಿಸಿಕೊಳ್ಳುವ ಮಾತಲ್ಲ ಇದು. ಬಿಪಿ ಇಳಿಯಲು ಬಿಟ್ಟಿದ್ದರೆ ಅದರ ಹೊಣೆ ನಮ್ಮದೇ.

ಸಂಜೆಮುಗಿಲು

ಸ್ವಲ್ಪ ಹೊತ್ತು ಬಿಪಿ ಇಳಿದರೆ ಏನಾಗುತ್ತದೆ? ಎಷ್ಟು ಇಳಿದರೆ ಕಷ್ಟ? ಒಂದು ನಂಬರ್ ಹೇಳಿ ಸಾರ್.

ನಿದ್ದೆಗಾವಲು

ನಾವು ನೋಡುವುದು ಸರಾಸರಿ ಒತ್ತಡ. ಮೇಲಿನದು 120, ಕೆಳಗಿನದು 80 ಇದ್ದರೆ ಸರಾಸರಿ ಸುಮಾರು 93. ಇದು 65ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳುವುದು ಸಾಮಾನ್ಯ ರೂಢಿ.

ಬಿಪಿ ಇಳಿದರೆ ಅಪಾಯ ಅನ್ನುವುದು ಸುಮ್ನೆ ಬಂದ ಮಾತಲ್ಲ. 2013ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಹೃದಯದ್ದಲ್ಲದ 33,000ಕ್ಕೂ ಹೆಚ್ಚು ಆಪರೇಷನ್‌ಗಳ ದಾಖಲೆ ತೆಗೆದು ನೋಡಿದರು. ಸರಾಸರಿ ಒತ್ತಡ 55ಕ್ಕಿಂತ ಕೆಳಗೆ ಕೆಲವೇ ನಿಮಿಷ ಇದ್ದವರಲ್ಲೂ ಕಿಡ್ನಿ ತೊಂದರೆ ಹೆಚ್ಚು ಕಂಡಿತು. ಹೊತ್ತು ಜಾಸ್ತಿಯಾದಷ್ಟೂ ಅಪಾಯ ಏರಿತ್ತು.

ಆದರೆ ಇದು ಹಳೇ ದಾಖಲೆಗಳ ಲೆಕ್ಕ. ಬಿಪಿ ಇಳಿದದ್ದರಿಂದಲೇ ಕಿಡ್ನಿ ಕೆಟ್ಟಿತೇ, ಅಥವಾ ಮೊದಲೇ ಸೊರಗಿದವರಲ್ಲಿ ಬಿಪಿಯೂ ಇಳಿಯಿತೇ ಎಂದು ಇದರಿಂದ ಪೂರ್ತಿ ತಿಳಿಯುವುದಿಲ್ಲ. 2017ರಲ್ಲಿ ಫ್ರಾನ್ಸ್‌ನಲ್ಲಿ ಅಪಾಯ ಹೆಚ್ಚಿದ್ದ ಸುಮಾರು 300 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಬಿಪಿಯನ್ನು ಅವರವರ ಮಾಮೂಲಿ ಮಟ್ಟದ ಹತ್ತಿರ ಹಿಡಿದಿಟ್ಟಾಗ ಅಂಗಾಂಗಗಳ ತೊಂದರೆ ಕಡಿಮೆಯಾಯಿತು. 2023ರಲ್ಲಿ ಬಂದ ಅದಕ್ಕಿಂತ ಬಹಳ ದೊಡ್ಡ ಪ್ರಯೋಗದಲ್ಲಿ ಬಿಪಿ ಎತ್ತರದಲ್ಲಿಡುವ ಕ್ರಮದಿಂದ ಹೃದಯ, ರಕ್ತನಾಳದ ತೊಂದರೆಗಳು ಕಡಿಮೆಯಾಗಲಿಲ್ಲ. ಅಂದರೆ ತೀರಾ ಇಳಿಯಲು ಬಿಡಬಾರದು ಅನ್ನುವುದರಲ್ಲಿ ಜಗಳವಿಲ್ಲ. ಎಷ್ಟು ಮೇಲಿಟ್ಟರೆ ಲಾಭ ಅನ್ನುವುದರಲ್ಲಿ ಇನ್ನೂ ಜಗಳ ಇದೆ.

ಹೊಂಗೆನೆರಳು ಅವರೇ, ಅಪ್ಪನ ಮನೆಯ ಬಿಪಿ ರೀಡಿಂಗ್ ಬರೆದುಕೊಂಡು ಹೋಗಿ. ಸದಾ 150 ಇರುವವರಿಗೆ 100 ಅಂದರೆ ಕಡಿಮೆಯೇ. ಆಪರೇಷನ್ ಥಿಯೇಟರ್‌ಗೆ ಬಂದಾಗ ಗಾಬರಿಯಲ್ಲಿ ಏರಿದ ರೀಡಿಂಗ್‌ಗಿಂತ ಮನೆಯದು ನಮಗೆ ಹೆಚ್ಚು ಉಪಯೋಗ.

ಗುಳಿಗೆಗಣಿತ

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಔಷಧ ವಿಭಾಗದಲ್ಲಿದ್ದೇನೆ, ಡೋಸ್ ಲೆಕ್ಕ ಹಾಕುವುದೇ ನನ್ನ ಕೆಲಸ.

ಮತ್ತಿನ ಔಷಧಿಗಳನ್ನು ಒಡೆಯುವುದು ಹೆಚ್ಚಾಗಿ ಲಿವರ್. ಹಾಗಾದರೆ ಕಿಡ್ನಿಗೇನು ಕೆಲಸ ಅನ್ನಿಸಬಹುದು. ಲಿವರ್ ಒಡೆದ ಚೂರುಗಳನ್ನು ಹೊರಗೆ ಸಾಗಿಸುವುದು ಕಿಡ್ನಿ. ಕೆಲವು ಔಷಧಿಗಳ ಚೂರುಗಳಿಗೂ ಜೀವ ಇರುತ್ತದೆ. ತೊಂದರೆ ಬರುವುದು ಅಲ್ಲೇ.

ಮಿಡಜೋಲಾಮ್ ತೆಗೆದುಕೊಳ್ಳಿ. ಎಂಡೋಸ್ಕೋಪಿಗೆ, ಆಪರೇಷನ್‌ಗೆ ಮುಂಚೆ ಗಾಬರಿ ಕಡಿಮೆ ಮಾಡಲು ಕೊಡುವುದು ಇದನ್ನೇ. ಲಿವರ್ ಇದನ್ನು ಬದಲಾಯಿಸಿದ ಮೇಲೆ ಬರುವ ಪದಾರ್ಥಕ್ಕೂ ಮಂಪರು ಬರಿಸುವ ಗುಣವಿದೆ. ಕಿಡ್ನಿ ಕೆಲಸ ಮಾಡದಿದ್ದರೆ ಅದು ರಕ್ತದಲ್ಲೇ ಕೂಡುತ್ತಾ ಹೋಗುತ್ತದೆ. ಐಸಿಯುನಲ್ಲಿ ದಿನಗಟ್ಟಲೆ ಡ್ರಿಪ್‌ನಲ್ಲಿ ಕೊಟ್ಟು ನಿಲ್ಲಿಸಿದ ಮೇಲೂ ಕೆಲವರು ಏಳದಿರುವುದಕ್ಕೆ ಇದೂ ಒಂದು ಕಾರಣ. ಸಾಲದು ಎಂಬಂತೆ ಮಿಡಜೋಲಾಮ್ ರಕ್ತದಲ್ಲಿ ಶೇ. 97ರಷ್ಟು ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ. ಕಿಡ್ನಿ ಕಾಯಿಲೆ ಜೋರಾದವರಲ್ಲಿ ಈ ಅಂಟು ಸಡಿಲ. ಬಿಡಿಯಾಗಿ ಓಡಾಡುವ ಔಷಧಿಯೇ ಮಿದುಳಿಗೆ ಹೋಗುವುದು, ಹಾಗಾಗಿ ಅದೇ ಡೋಸ್‌ಗೆ ಜಾಸ್ತಿ ಮಂಪರು. ಒಂದೆರಡು ಮಿಲಿಗ್ರಾಂ ಒಂದು ಸಲ ಕೊಡುವುದಕ್ಕೆ ಹೆದರಬೇಕಿಲ್ಲ. ಅಳತೆ ನೋಡಿ ನಿಧಾನವಾಗಿ ಕೊಡಬೇಕು ಅಷ್ಟೇ.

ಪ್ರೊಪೊಫಾಲ್ ಈ ವಿಷಯದಲ್ಲಿ ಒಳ್ಳೆಯದು. ಒಡೆದ ಮೇಲೆ ಅದರ ಚೂರುಗಳಲ್ಲಿ ಮತ್ತು ಬರಿಸುವ ಶಕ್ತಿ ಉಳಿಯುವುದಿಲ್ಲ. ಡೆಕ್ಸ್‌ಮೆಡಿಟೊಮಿಡಿನ್ ಚೂರುಗಳು ಹೆಚ್ಚುಕಡಿಮೆ ಎಲ್ಲವೂ ಮೂತ್ರದಲ್ಲೇ ಹೋಗುತ್ತವೆ, ಆದರೆ ಅವು ನಿರುಪದ್ರವಿ. ಈಚೆಗೆ ಬಂದಿರುವ ರೆಮಿಮಜೋಲಾಮ್ ಮಿಡಜೋಲಾಮ್‌ನ ಬಳಗದ್ದೇ, ಆದರೆ ಎಸ್ಟರೇಸ್ ಕಿಣ್ವಗಳು ಅದನ್ನು ಬೇಗ ಮುರಿದುಹಾಕುತ್ತವೆ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನನ್ನ ಅನುಭವದಲ್ಲಿ ಮತ್ತಿನ ಔಷಧಿಗಿಂತ ಹೆಚ್ಚು ಎಡವಟ್ಟು ಮಾಡುವುದು ಅದರ ಜೊತೆಗೆ ಬರುವ ನೋವಿನ ಔಷಧಿಗಳು. ಮಾರ್ಫಿನ್ ಒಡೆದಾಗ ಬರುವ ಒಂದು ಪದಾರ್ಥ ಮಾರ್ಫಿನ್‌ಗಿಂತಲೂ ಗಟ್ಟಿ, ಕಿಡ್ನಿ ಸೋತವರಲ್ಲಿ ಅದು ಸೇರಿಕೊಂಡು ಉಸಿರಾಟ ನಿಧಾನವಾಗುತ್ತದೆ. ಪೆಥಿಡಿನ್‌ನದು ಇನ್ನೊಂದು ಕಥೆ. ಅದರ ಚೂರು ಕೂಡಿಕೊಂಡರೆ ಫಿಟ್ಸ್ ಬರಬಹುದು. ಇಂಥವರಿಗೆ ಫೆಂಟನಿಲ್ ವಾಸಿ. ರೆಮಿಫೆಂಟನಿಲ್ ಅಂತೂ ರಕ್ತದಲ್ಲೇ ಮುರಿಯುತ್ತದೆ, ಕಿಡ್ನಿಯನ್ನು ಕೇಳುವುದೇ ಇಲ್ಲ.

ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಬಗ್ಗೆ ಎಚ್ಚರ. ನೋವು ಕಡಿಮೆ ಮಾಡಲೆಂದು ಕೆಲವು ಕಡೆ ಆಪರೇಷನ್ ದಿನ ಕೊಡುತ್ತಾರೆ. ಇವು ಲಿವರ್ ಕಡೆ ತಲೆ ಹಾಕದೆ ಬಹುಪಾಲು ನೇರವಾಗಿ ಕಿಡ್ನಿಯಿಂದಲೇ ಹೋಗುತ್ತವೆ. ಇಜಿಎಫ್‌ಆರ್ 38 ಇರುವವರಿಗೆ ಮಾಮೂಲಿ ಡೋಸ್ ಕೊಟ್ಟರೆ ಮರುದಿನವೂ ತೂಕಡಿಕೆ. "ಅನಸ್ತೇಶಿಯಾ ಇಳಿದೇ ಇಲ್ಲ" ಎಂದು ಮನೆಯವರು ಹೇಳುವುದು ಎಷ್ಟೋ ಸಲ ಇದನ್ನೇ.

ಸಂಜೆಮುಗಿಲು

ಸ್ನಾಯು ಸಡಿಲ ಮಾಡುವ ಔಷಧಿ ಕೊಡುತ್ತಾರಲ್ಲ, ಅದು?

ಗುಳಿಗೆಗಣಿತ

ಅಟ್ರಾಕ್ಯೂರಿಯಂ, ಸಿಸ್‌ಅಟ್ರಾಕ್ಯೂರಿಯಂ ಇದ್ದರೆ ಚಿಂತೆಯಿಲ್ಲ. ದೇಹದ ಬಿಸಿ ಮತ್ತು ರಕ್ತದ ಕ್ಷಾರಗುಣಕ್ಕೇ ಅವು ತಾವಾಗಿ ಒಡೆಯುತ್ತವೆ. ಪ್ಯಾಂಕುರೋನಿಯಂ ಹಳೆಯದು, ಕಿಡ್ನಿಯನ್ನೇ ನೆಚ್ಚಿಕೊಂಡದ್ದು. ಸಕ್ಸಿನೈಲ್‌ಕೋಲಿನ್ ಪೊಟ್ಯಾಸಿಯಂ ಅನ್ನು ಅರ್ಧ ಪಾಯಿಂಟ್‌ನಷ್ಟು ಏರಿಸುತ್ತದೆ, ಹಾಗಾಗಿ ಮೊದಲೇ ಪೊಟ್ಯಾಸಿಯಂ ಜಾಸ್ತಿ ಇದ್ದವರಿಗೆ ಬೇಡ. ಸಡಿಲಿಕೆ ಬಿಡಿಸಲು ಕೊಡುವ ಸುಗಮಾಡೆಕ್ಸ್ ಅನ್ನು ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಸೋಸುವ ವೇಗದ ಇನ್ನೊಂದು ಅಳತೆ) 30ಕ್ಕಿಂತ ಕಡಿಮೆ ಇರುವವರಿಗೆ ತಯಾರಕರೇ ಶಿಫಾರಸು ಮಾಡುವುದಿಲ್ಲ.

ಹಳೇಪುಟ

ಮತ್ತಿನ ಔಷಧಿ ಕಿಡ್ನಿಗೆ ವಿಷ ಅನ್ನುವ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದಕ್ಕೊಂದು ಇತಿಹಾಸ ಇದೆ. ಇಂಥ ವಿಷಯ ಅಗೆಯುವುದು ನನ್ನ ಚಟ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1960ರಲ್ಲಿ ಮೆಥಾಕ್ಸಿಫ್ಲುರೇನ್ ಎಂಬ ಅರಿವಳಿಕೆ ಬಂತು. ಮೂಗಿನಿಂದ ಎಳೆದುಕೊಳ್ಳುವಂಥದ್ದು. ನೋವು ಚೆನ್ನಾಗಿ ಕಡಿಮೆ ಮಾಡುತ್ತಿತ್ತು, ಬೆಂಕಿ ಹತ್ತುವ ಭಯವೂ ಕಡಿಮೆ. ಡಾಕ್ಟರ್‌ಗಳಿಗೆ ಬಹಳ ಹಿಡಿಸಿತು. 1966ರಲ್ಲಿ ಕ್ರ್ಯಾಂಡೆಲ್ ಮತ್ತು ಸಂಗಡಿಗರು ಒಂದು ವಿಚಿತ್ರ ವರದಿ ಮಾಡಿದರು. ಆಪರೇಷನ್ ನಂತರ ಕೆಲವರ ಕಿಡ್ನಿ ಕೆಟ್ಟಿದೆ, ಆದರೆ ಮೂತ್ರ ನಿಂತಿಲ್ಲ. ಬದಲಿಗೆ ನೀರಿನಂಥ ಮೂತ್ರ ಲೀಟರ್‌ಗಟ್ಟಲೆ ಹೋಗುತ್ತಿದೆ! ನೀರು ಹಿಡಿದಿಡಲು ದೇಹ ಕಳಿಸುವ ಹಾರ್ಮೋನ್‌ಗೆ ಕಿಡ್ನಿ ಕಿವಿಗೊಡುತ್ತಿಲ್ಲ.

ಕಾರಣ ಫ್ಲೋರೈಡ್. ಆ ಔಷಧಿ ದೇಹದಲ್ಲಿ ಒಡೆದಾಗ ಫ್ಲೋರೈಡ್ ಬಿಡುಗಡೆಯಾಗುತ್ತಿತ್ತು, ಎಷ್ಟು ಹೆಚ್ಚು ಹೊತ್ತು ಕೊಟ್ಟರೆ ಅಷ್ಟು ಹೆಚ್ಚು. ಕೊನೆಗೆ ಆಪರೇಷನ್ ಅರಿವಳಿಕೆಯಾಗಿ ಅದರ ಬಳಕೆ ನಿಂತಿತು. ಪೂರ್ತಿ ಸತ್ತಿಲ್ಲ ಅನ್ನುವುದು ಮಜಾ. ಆಸ್ಟ್ರೇಲಿಯಾದಲ್ಲಿ ಗಾಯಗೊಂಡವರಿಗೆ ನೋವು ಕಡಿಮೆ ಮಾಡಲು ಹಸಿರು ಪೀಪಿಯಂಥ ಕೊಳವೆಯಲ್ಲಿ ಇವತ್ತಿಗೂ ತೀರಾ ಚಿಕ್ಕ ಪ್ರಮಾಣದಲ್ಲಿ ಕೊಡುತ್ತಾರೆ. ಆ ಪ್ರಮಾಣಕ್ಕೆ ಕಿಡ್ನಿಗೆ ತೊಂದರೆಯಿಲ್ಲ.

ಈ ಪೆಟ್ಟಿನ ನೆನಪಿನಿಂದಲೇ ಸೆವೊಫ್ಲುರೇನ್ ಎಂಬ ಇನ್ನೊಂದು ಅರಿವಳಿಕೆ ಬಂದಾಗ ಎಲ್ಲರೂ ಅನುಮಾನದಿಂದ ನೋಡಿದರು. ಅದರಿಂದಲೂ ಫ್ಲೋರೈಡ್ ಬರುತ್ತದೆ, ಕೆಲವೊಮ್ಮೆ ಹಳೇ ಅಪಾಯದ ಗೆರೆಯನ್ನೂ ದಾಟುತ್ತದೆ. ಆದರೆ ಕಿಡ್ನಿ ಕೆಡಲಿಲ್ಲ. ಮೆಥಾಕ್ಸಿಫ್ಲುರೇನ್ ಕಿಡ್ನಿಯ ಒಳಗೇ ಒಡೆಯುತ್ತಿತ್ತು, ಸೆವೊಫ್ಲುರೇನ್ ಅಲ್ಲಿ ಒಡೆಯುವುದು ಬಹಳ ಕಡಿಮೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಇನ್ನೊಂದು ಅನುಮಾನ ಇತ್ತು. ಅರಿವಳಿಕೆ ಯಂತ್ರದಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವ ಪುಡಿಯ ಜೊತೆ ಸೇರಿ ಇದು 'ಕಾಂಪೌಂಡ್ ಎ' ಎಂಬ ಪದಾರ್ಥ ಮಾಡುತ್ತದೆ. ಇಲಿಗಳ ಕಿಡ್ನಿಗೆ ಅದು ವಿಷ. ಮನುಷ್ಯರಲ್ಲಿ ಅಂಥ ಹಾನಿ ಕಾಣಲಿಲ್ಲ. ಆದರೂ ಗಾಳಿಯ ಹರಿವನ್ನು ತೀರಾ ಕಡಿಮೆ ಇಡಬೇಡಿ ಎಂದು ಅಮೆರಿಕದಲ್ಲಿ ಲೇಬಲ್ ಮೇಲೆ ಎಚ್ಚರಿಕೆ ಬರೆದರು.

ಮಂಜುದಾರಿ

ಡೆಕ್ಸ್‌ಮೆಡಿಟೊಮಿಡಿನ್ ಕಿಡ್ನಿಯನ್ನು ಕಾಪಾಡುತ್ತದೆ ಅಂತ ಎಲ್ಲೋ ಓದಿದೆ. ಅದನ್ನೇ ಕೊಡಿ ಅಂತ ಕೇಳಬಹುದಲ್ಲ?

ನಿದ್ದೆಗಾವಲು

ಕೇಳಬಹುದು. ಆದರೆ ಯಾಕೆ ಬೇಡ ಎನ್ನುತ್ತಾರೆ ಅನ್ನುವುದೂ ಗೊತ್ತಿರಲಿ.

ಇದು 1999ರಲ್ಲಿ ಅಮೆರಿಕದಲ್ಲಿ, ಐಸಿಯುನಲ್ಲಿ ಮಂಪರು ಬರಿಸಲು ಒಪ್ಪಿಗೆ ಪಡೆದ ಔಷಧಿ. ದೇಹದ ಗಾಬರಿ ನರಗಳನ್ನು ತಣ್ಣಗಾಗಿಸುತ್ತದೆ. ಗಾಬರಿ ನರಗಳು ಕಿಡ್ನಿಯ ರಕ್ತನಾಳ ಹಿಂಡುತ್ತವೆ, ಅದು ತಪ್ಪಿದರೆ ಕಿಡ್ನಿಗೆ ಒಳ್ಳೆಯದು ಅನ್ನುವುದು ತರ್ಕ. ಹೃದಯದ ಆಪರೇಷನ್ ಆದವರ ಮೇಲಿನ ಹಲವು ಚಿಕ್ಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಿಡ್ನಿ ತೊಂದರೆ ಕಡಿಮೆ ಕಂಡದ್ದು ನಿಜ. ನೀವು ಓದಿದ್ದು ಅದೇ ಇರಬೇಕು.

ಆದರೆ ಚಿಕ್ಕ ಪ್ರಯೋಗಗಳ ಮೊತ್ತವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಈ ಔಷಧಿಯ ಬಗ್ಗೆ ಇದ್ದ ಬೇರೆ ಆಸೆಗಳು ದೊಡ್ಡ ಪ್ರಯೋಗಗಳಲ್ಲಿ ತಣ್ಣಗಾಗಿವೆ. 2019ರಲ್ಲಿ ಐಸಿಯುನ ಸುಮಾರು 4,000 ಮಂದಿಯ ಮೇಲಿನ ಪ್ರಯೋಗದಲ್ಲಿ ಸಾವಿನ ಪ್ರಮಾಣ ಬದಲಾಗಲಿಲ್ಲ. 2020ರಲ್ಲಿ ಹೃದಯದ ಆಪರೇಷನ್ ಆದ ಸುಮಾರು 800 ಮಂದಿಯಲ್ಲಿ ಎದೆಬಡಿತದ ಏರುಪೇರು, ಮನಸ್ಸಿನ ಗೊಂದಲ ಎರಡೂ ಕಡಿಮೆಯಾಗಲಿಲ್ಲ. ಬಿಪಿ ಇಳಿದದ್ದು ಮಾತ್ರ ಜಾಸ್ತಿ. ಅಂದರೆ ಕಿಡ್ನಿ ಕಾಪಾಡಲು ಕೊಟ್ಟ ಔಷಧಿಯೇ ಕಿಡ್ನಿ ಹೆದರುವ ಕೆಲಸ ಮಾಡಬಹುದು. ನಾಡಿಯೂ ನಿಧಾನವಾಗುತ್ತದೆ. ಕೆಲವರಲ್ಲಿ ಮೂತ್ರ ಜಾಸ್ತಿ ಬರುತ್ತದೆ. ನೀರು ಹಿಡಿದಿಡುವ ಹಾರ್ಮೋನ್ ತಗ್ಗಿದ್ದರಿಂದ ಆದದ್ದು ಅದು, ಕಿಡ್ನಿ ಸುಧಾರಿಸಿತು ಎಂದಲ್ಲ.

ಮಂಪರಿಗೆ ಒಳ್ಳೆಯ ಔಷಧಿ, ಉಸಿರಾಟಕ್ಕೆ ಹೆಚ್ಚು ಅಡ್ಡಿ ಮಾಡುವುದಿಲ್ಲ. ಆ ಕಾರಣಕ್ಕೆ ನಾನೂ ಬಳಸುತ್ತೇನೆ. ಕಿಡ್ನಿ ರಕ್ಷಕ ಎಂದು ಬಳಸುವುದಿಲ್ಲ.

ಕಿಡ್ನಿ ರಕ್ಷಣೆಯಲ್ಲಿ ಈಚೆಗೆ ನನಗೆ ಆಸಕ್ತಿ ಹುಟ್ಟಿಸಿದ್ದು ಮತ್ತಿನ ಔಷಧಿಯೇ ಅಲ್ಲ, ಅಮೈನೋ ಆಮ್ಲ. 2024ರಲ್ಲಿ ಹೃದಯದ ಆಪರೇಷನ್‌ನ 3,511 ಮಂದಿಯ ಮೇಲೆ ದೊಡ್ಡ ಪ್ರಯೋಗ ಪ್ರಕಟವಾಯಿತು. ಡ್ರಿಪ್‌ನಲ್ಲಿ ಅಮೈನೋ ಆಮ್ಲ ಪಡೆದವರಲ್ಲಿ ಶೇ. 26.9, ಪಡೆಯದವರಲ್ಲಿ ಶೇ. 31.7 ಮಂದಿಗೆ ಕಿಡ್ನಿ ತೊಂದರೆ. ವ್ಯತ್ಯಾಸ ದೊಡ್ಡದಲ್ಲ, ಆದರೆ ದೊಡ್ಡ ಪ್ರಯೋಗದಲ್ಲಿ ಉಳಿದುಕೊಂಡಿತು. ಪಿತ್ತಕೋಶದ ಆಪರೇಷನ್‌ಗೆ ಇದನ್ನು ಎಳೆದು ತರಬೇಡಿ ಮತ್ತೆ.

ಕಡಲತೀರ

ಇಷ್ಟೆಲ್ಲ ಯಾಕೆ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ಔಷಧಿ ಮೈಗೆಲ್ಲ ಹೋಗುವುದೇ ಇಲ್ಲ. ಕಿಡ್ನಿ ಕಾಯಿಲೆಯವರಿಗೆ ಅದೇ ಸರಿ.

ನಿದ್ದೆಗಾವಲು

ಸ್ಪೈನಲ್ ಕೊಟ್ಟಾಗಲೂ ಸೊಂಟದ ಕೆಳಗಿನ ರಕ್ತನಾಳಗಳೆಲ್ಲ ಒಮ್ಮೆಲೇ ಸಡಿಲವಾಗುತ್ತವೆ. ಬಿಪಿ ಧಡಕ್ಕನೆ ಇಳಿಯುವುದು ಅಲ್ಲೂ ಇದೆ. ಕೈಕಾಲಿನ ಆಪರೇಷನ್‌ಗೆ ಆ ಜಾಗದ ನರಕ್ಕೆ ಮಾತ್ರ ಮರಗಟ್ಟಿಸಿದರೆ ನಿಮ್ಮ ಮಾತು ಒಪ್ಪುತ್ತೇನೆ, ಬಿಪಿಗೆ ಹೆಚ್ಚು ಧಕ್ಕೆಯಿಲ್ಲ. ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ಆಪರೇಷನ್‌ಗೆ ಅದನ್ನೇ ಇಷ್ಟಪಡುತ್ತೇವೆ.

ಲ್ಯಾಪರೋಸ್ಕೋಪಿಯ ಕಥೆ ಬೇರೆ. ಹೊಟ್ಟೆಗೆ ಗಾಳಿ ತುಂಬುತ್ತಾರೆ, ಒತ್ತಡ 12ರಿಂದ 15ರಷ್ಟು. ಎದೆಗೂಡಿನ ಮೇಲೂ ಭಾರ ಬೀಳುತ್ತದೆ. ಬರೀ ಮಂಪರಿನಲ್ಲಿ ಇದನ್ನು ಮಾಡಿದರೆ ಉಸಿರಾಟಕ್ಕೆ ತೊಂದರೆ, ವಾಂತಿ ಶ್ವಾಸಕೋಶಕ್ಕೆ ಹೋಗುವ ಭಯ. ಪೂರ್ತಿ ಅರಿವಳಿಕೆ ಕೊಟ್ಟು, ಉಸಿರಾಟದ ಕೊಳವೆ ಹಾಕಿ ಮಾಡುವುದೇ ರೂಢಿ. "ಕಡಿಮೆ ಮತ್ತು ಅಂದರೆ ಕಡಿಮೆ ಅಪಾಯ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಗಾಳಿಯ ಒತ್ತಡ ಕಿಡ್ನಿಯ ಮೇಲೂ ಬೀಳುತ್ತದೆ, ಅಷ್ಟು ಹೊತ್ತು ಮೂತ್ರ ಕಡಿಮೆಯಾಗುತ್ತದೆ. ಸಾಧ್ಯವಾದಷ್ಟು ಕಡಿಮೆ ಒತ್ತಡದಲ್ಲಿ ಮಾಡಿ ಎಂದು ಸರ್ಜನ್‌ಗೆ ಕೇಳಬಹುದು.

ಬಿಳಿಗೌನು

ಡಯಾಲಿಸಿಸ್ ವಿಭಾಗದ ನರ್ಸ್ ನಾನು. ನನ್ನದು ಔಷಧಿಯ ಮಾತಲ್ಲ, ಕೈಯ ಮಾತು. ಇಜಿಎಫ್‌ಆರ್ 38 ಇರುವವರಿಗೆ ಮುಂದೆ ಎಂದಾದರೂ ಫಿಸ್ಟುಲಾ ಬೇಕಾಗಬಹುದು, ಬೇಡವಾಗಲೂಬಹುದು. ಆದರೂ ಡ್ರಿಪ್ ಸೂಜಿಯನ್ನು ಅಂಗೈ ಹಿಂಭಾಗದಲ್ಲೇ ಹಾಕಿಸಿಕೊಳ್ಳಿ. ಮುಂದೋಳಿನ ರಕ್ತನಾಳ ಉಳಿಸಿ. ಈಗಾಗಲೇ ಫಿಸ್ಟುಲಾ ಇರುವವರಾದರೆ ಆ ಕೈಗೆ ಬಿಪಿ ಪಟ್ಟಿಯೂ ಬೇಡ, ಸೂಜಿಯೂ ಬೇಡ. ಮತ್ತಿನಲ್ಲಿರುವವರು ಬಾಯಿಬಿಟ್ಟು ಹೇಳಲಾರರು, ಮನೆಯವರು ಮೊದಲೇ ಹೇಳಬೇಕು.

ಡಯಾಲಿಸಿಸ್ ಮಾಡಿಸುವವರಿಗೆ ತುರ್ತಲ್ಲದ ಆಪರೇಷನ್ ಸಾಮಾನ್ಯವಾಗಿ ಡಯಾಲಿಸಿಸ್‌ನ ಮರುದಿನ ಇಡುತ್ತಾರೆ. ಪೊಟ್ಯಾಸಿಯಂ ಇಳಿದಿರುತ್ತದೆ, ಹೆಪ್ಪುಗಟ್ಟದಂತೆ ಕೊಟ್ಟ ಹೆಪರಿನ್ ಹೋಗಿರುತ್ತದೆ.

ಮಂಜುದಾರಿ

ನನ್ನ ಅಮ್ಮನಿಗೆ ಆಪರೇಷನ್ ದಿನ ರಾತ್ರಿ ಮೂತ್ರ ಬಹಳ ಕಡಿಮೆ ಬಂತು. ಕಿಡ್ನಿ ಹೋಯಿತು ಎಂದೇ ಹೆದರಿದ್ದೆವು. ಬೆಳಿಗ್ಗೆ ಸರಿಹೋಯಿತು. ಅದು ಯಾಕೆ ಹಾಗೆ?

ನಿದ್ದೆಗಾವಲು

ಆಪರೇಷನ್ ಅಂದರೆ ದೇಹಕ್ಕೆ ಗಾಯ. ಗಾಯವಾದಾಗ ದೇಹ ನೀರನ್ನು ಹಿಡಿದಿಡುತ್ತದೆ, ಅದಕ್ಕೆ ಬೇಕಾದ ಹಾರ್ಮೋನ್ ಸುರಿಸುತ್ತದೆ. ಹಾಗಾಗಿ ಆ ದಿನ ಮೂತ್ರ ಕಡಿಮೆಯಾದ ಮಾತ್ರಕ್ಕೆ ಕಿಡ್ನಿ ಕೆಟ್ಟಿತು ಎಂದಲ್ಲ. ಕಿಡ್ನಿಗೆ ಪೆಟ್ಟಾಗಿದೆ ಎನ್ನಲು 2012ರಿಂದ ಬಳಕೆಯಲ್ಲಿರುವ ಅಳತೆ ಹೀಗಿದೆ: 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಬೇಕು, ಅಥವಾ ಏಳು ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾಗಬೇಕು, ಅಥವಾ ಆರು ಗಂಟೆ ಕಾಲ ಮೂತ್ರ ಗಂಟೆಗೆ ಕಿಲೋ ತೂಕಕ್ಕೆ ಅರ್ಧ ಮಿಲಿಗಿಂತ ಕಡಿಮೆ ಇರಬೇಕು. ಮೂರರಲ್ಲಿ ಮೂತ್ರದ ಅಳತೆಯೇ ಆಪರೇಷನ್ ದಿನ ಹೆಚ್ಚು ಮೋಸ ಮಾಡುವುದು.

ಹಾಗೆಂದು ಡ್ರಿಪ್ ಪೂರ್ತಿ ಬಿಗಿಹಿಡಿಯುವುದೂ ಒಳ್ಳೆಯದಲ್ಲ. 2018ರ ಒಂದು ಪ್ರಯೋಗದಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ ಸುಮಾರು 3,000 ಮಂದಿಯನ್ನು ನೋಡಿದರು. ದ್ರವ ಬಿಗಿಯಾಗಿ ಕೊಟ್ಟವರಲ್ಲಿ ಶೇ. 8.6, ಧಾರಾಳವಾಗಿ ಕೊಟ್ಟವರಲ್ಲಿ ಶೇ. 5 ಮಂದಿಗೆ ಕಿಡ್ನಿ ತೊಂದರೆ. ಮನೆಯಿಂದಲೇ ಒಣಗಿ ಬರುವುದೂ ಬೇಡ. ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಕುಡಿಯದೆ ಬರುವವರು ಈಗಲೂ ಇದ್ದಾರೆ. ಬೇರೆ ತೊಂದರೆ ಇಲ್ಲದಿದ್ದರೆ ಎರಡು ಗಂಟೆ ಮುಂಚಿನವರೆಗೂ ಬರೀ ನೀರು ಕುಡಿಯಬಹುದು. ನಿಮ್ಮ ಡಾಕ್ಟರ್ ಏನು ಹೇಳುತ್ತಾರೋ ಅದನ್ನು ಮೀರಬೇಡಿ, ಆದರೆ ಕೇಳಿ.

ಹೊಂಗೆನೆರಳು

ಎಲ್ಲರಿಗೂ ಥ್ಯಾಂಕ್ಸ್. ಅರಿವಳಿಕೆ ಡಾಕ್ಟರನ್ನು ನೋಡಿ ಬಂದೆವು. ಬಿಪಿ ಪಟ್ಟಿ ತೋರಿಸಿದೆ, ಖುಷಿಪಟ್ಟರು. ಪ್ರೊಪೊಫಾಲ್ ಕೊಟ್ಟು ಮಲಗಿಸಿ, ಸೆವೊಫ್ಲುರೇನ್‌ನಲ್ಲಿ ಮುಂದುವರಿಸುತ್ತಾರಂತೆ. ನೋವಿಗೆ ಫೆಂಟನಿಲ್. ಸ್ನಾಯುವಿಗೆ ಸಿಸ್‌ಅಟ್ರಾಕ್ಯೂರಿಯಂ. ಬಿಪಿ ಇಳಿದರೆ ಏರಿಸುವ ಔಷಧಿ ಕೈಯಲ್ಲೇ ಇರುತ್ತದೆ ಎಂದರು.

ಡಾಪಾಗ್ಲಿಫ್ಲೋಜಿನ್ ಮೂರು ದಿನ ಮೊದಲು ನಿಲ್ಲಿಸಿ, ಟೆಲ್ಮಿಸಾರ್ಟನ್ ಹಿಂದಿನ ದಿನದಿಂದ ಬೇಡ ಎಂದರು. ಟೆಲ್ಮಿಸಾರ್ಟನ್ ಕಿಡ್ನಿಗೆ ಒಳ್ಳೆಯದು ಅಂತ ಕಿಡ್ನಿ ಡಾಕ್ಟರೇ ಕೊಟ್ಟದ್ದಲ್ವಾ? ಅದನ್ನೇ ಯಾಕೆ ನಿಲ್ಲಿಸುವುದು?

ಗುಳಿಗೆಗಣಿತ

ದಿನದಿನಕ್ಕೆ ಒಳ್ಳೆಯದು, ಆ ದಿನಕ್ಕೆ ಕಿರಿಕಿರಿ. ಟೆಲ್ಮಿಸಾರ್ಟನ್ ಇದ್ದಾಗ ಪ್ರೊಪೊಫಾಲ್ ಕೊಟ್ಟರೆ ಬಿಪಿ ಇನ್ನೂ ಇಳಿಯುತ್ತದೆ. ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಗಳನ್ನು ತೆಗೆದುಕೊಳ್ಳುವ 2,222 ಮಂದಿಯ ಮೇಲೆ ಫ್ರಾನ್ಸ್‌ನಲ್ಲಿ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಎರಡು ದಿನ ಮೊದಲು ನಿಲ್ಲಿಸಿದವರು ಒಂದು ಗುಂಪು, ಮುಂದುವರಿಸಿದವರು ಇನ್ನೊಂದು. ಆಪರೇಷನ್ ವೇಳೆ ಬಿಪಿ ಇಳಿದದ್ದು ನಿಲ್ಲಿಸಿದವರಲ್ಲಿ ಶೇ. 41, ಮುಂದುವರಿಸಿದವರಲ್ಲಿ ಶೇ. 54. ಆದರೆ ಸಾವು ಮತ್ತು ದೊಡ್ಡ ತೊಂದರೆಗಳು ಎರಡರಲ್ಲೂ ಒಂದೇ, ಶೇ. 22. ಹಾಗಾಗಿ ಒಬ್ಬ ಡಾಕ್ಟರ್ ನಿಲ್ಲಿಸಿ ಎಂದರೂ, ಇನ್ನೊಬ್ಬರು ಬೇಡ ಎಂದರೂ ಗಾಬರಿಯಾಗಬೇಡಿ. ಜನ ಮರೆಯುವುದು ಮತ್ತೆ ಶುರು ಮಾಡುವುದನ್ನು. ಯಾವ ದಿನ ಶುರು ಮಾಡಬೇಕು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಡಾಪಾಗ್ಲಿಫ್ಲೋಜಿನ್ ನಿಲ್ಲಿಸುವ ಕಾರಣ ಬೇರೆ. ಉಪವಾಸದಲ್ಲಿ ಅದು ರಕ್ತವನ್ನು ಆಮ್ಲೀಯ ಮಾಡಬಹುದು, ಅದೂ ಶುಗರ್ ಏರದೆಯೇ. ಹಾಗಾಗಿ ಗೊತ್ತೇ ಆಗುವುದಿಲ್ಲ.

ಸಂಜೆಮುಗಿಲು

ಒಂದು ಪೆದ್ದು ಪ್ರಶ್ನೆ. ಆಪರೇಷನ್ ಆದ ಮೇಲೆ ಯಾರದೋ ಮೂತ್ರ ಹಸಿರಾಯಿತಂತೆ! ನಿಜವಾ?

ಹಳೇಪುಟ

ನಿಜ. ಪ್ರೊಪೊಫಾಲ್ ಒಡೆದಾಗ ಬರುವ ಬಣ್ಣದ ಪದಾರ್ಥ. ಅಪರೂಪ, ತಾನಾಗಿ ಹೋಗುತ್ತದೆ, ಕಿಡ್ನಿಗೆ ಏನೂ ಆಗಿರುವುದಿಲ್ಲ.

ನಿದ್ದೆಗಾವಲು

ಹಸಿರಿಗೆ ಹೆದರಬೇಡಿ, ಕಂದುಬಣ್ಣಕ್ಕೆ ಹೆದರಿ. ಐಸಿಯುನಲ್ಲಿ ಪ್ರೊಪೊಫಾಲ್ ಬಹಳ ಹೆಚ್ಚು ಪ್ರಮಾಣದಲ್ಲಿ ಬಹಳ ಹೊತ್ತು ಕೊಟ್ಟರೆ, ಅಂದರೆ ಗಂಟೆಗೆ ಕಿಲೋಗೆ 4 ಮಿಲಿಗ್ರಾಂ ಮೀರಿ 48 ಗಂಟೆ ದಾಟಿದರೆ, ಅಪರೂಪಕ್ಕೆ ಸ್ನಾಯುಗಳು ಕರಗುತ್ತವೆ. ಆ ಕಸ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಹೃದಯಕ್ಕೂ ಅಪಾಯ. ಇದೊಂದು ಸಂದರ್ಭದಲ್ಲಿ ಔಷಧಿಯೇ ಅಪರಾಧಿ. ಒಂದೆರಡು ಗಂಟೆಯ ಆಪರೇಷನ್‌ಗೆ ಈ ಮಾತು ಸಲ್ಲುವುದಿಲ್ಲ.

ಕಡಲತೀರ

ಸರಿ, ಔಷಧಿಯ ಮೇಲಿನ ಕೋಪ ಸ್ವಲ್ಪ ಇಳಿಯಿತು. ಮೇಲೆ ಡೈಕ್ಲೋಫೆನಾಕ್ ಅಂದಿರಲ್ಲ, ನನಗೆ ಗೊತ್ತಿರುವವರಿಗೆ ಅದನ್ನೇ ವಾರಗಟ್ಟಲೆ ಕೊಟ್ಟಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ?

ಗುಳಿಗೆಗಣಿತ

ಬಹಳ ಸಂಬಂಧ. ಬಿಪಿ ಇಳಿದಾಗ ಕಿಡ್ನಿ ಪ್ರೊಸ್ಟಾಗ್ಲಾಂಡಿನ್ ಎಂಬ ಪದಾರ್ಥ ಬಳಸಿ ಒಳಬರುವ ರಕ್ತನಾಳವನ್ನು ತೆರೆದಿಡುತ್ತದೆ. ಡೈಕ್ಲೋಫೆನಾಕ್, ಕೆಟೊರೊಲ್ಯಾಕ್, ಐಬುಪ್ರೊಫೆನ್ ಎಲ್ಲವೂ ಅದರ ತಯಾರಿಯನ್ನೇ ನಿಲ್ಲಿಸುತ್ತವೆ. ಒಳಬಾಗಿಲು ಮುಚ್ಚಿತು. ಟೆಲ್ಮಿಸಾರ್ಟನ್‌ನಂಥವು ಹೊರಬಾಗಿಲನ್ನು ಅಗಲ ಮಾಡುತ್ತವೆ. ಎರಡೂ ಸೇರಿದರೆ ಸೋಸುವ ಒತ್ತಡ ಎಲ್ಲಿಂದ ಬರಬೇಕು? ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಮುಗಿಯಿತು.

ಹೊಂಗೆನೆರಳು ಅವರೇ, ಥಿಯೇಟರ್ ಒಳಗೆ ನಿಮ್ಮ ಅಪ್ಪನ ಮೇಲೆ ಕಣ್ಣಿಟ್ಟವರು ಇರುತ್ತಾರೆ. ಮನೆಗೆ ಬಂದ ಮೇಲೆ ನೋವು ಎಂದು ಯಾರೋ ಕೊಡುವ ಮಾತ್ರೆಯ ಮೇಲೆ ಕಣ್ಣಿಡಬೇಕಾದವರು ನೀವು. ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ನೋಡಿ. ಸಾಲದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ, ಮನೆಯಲ್ಲಿ ಉಳಿದಿದ್ದ ಹಳೇ ಸ್ಟ್ರಿಪ್ ಹುಡುಕಬೇಡಿ.

ಹೊಂಗೆನೆರಳು

ಆಪರೇಷನ್ ಆಯಿತು. ಎಚ್ಚರವೂ ಬೇಗ ಆಯಿತು. ಮರುದಿನ ಬೆಳಿಗ್ಗೆ ಕ್ರಿಯಾಟಿನಿನ್ 1.8. ಮೊದಲಿಗಿಂತ ಕಡಿಮೆ! ಇವತ್ತು ಮನೆಗೆ ಕಳಿಸುತ್ತಾರೆ. ಇನ್ನು ನೆಮ್ಮದಿ ಅಲ್ವಾ?

ನಿದ್ದೆಗಾವಲು

ಒಳ್ಳೆಯ ಸುದ್ದಿ. ಆದರೆ ಈ 1.8 ಅನ್ನು ಈಗಲೇ ನಂಬಬೇಡಿ. ಡ್ರಿಪ್‌ನ ನೀರಿನಿಂದ ರಕ್ತ ತೆಳುವಾಗಿರುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದರೂ ಕ್ರಿಯಾಟಿನಿನ್ ಏರಲು ಒಂದೆರಡು ದಿನ ಬೇಕು. ಎರಡು ಮೂರು ದಿನ ಬಿಟ್ಟು ಒಮ್ಮೆ, ವಾರದ ಹೊತ್ತಿಗೆ ಇನ್ನೊಮ್ಮೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡೂ ಮಾಡಿಸುವುದು ಒಳ್ಳೆಯದು, ನಿಮ್ಮ ಡಾಕ್ಟರನ್ನು ಕೇಳಿ. ಟೆಲ್ಮಿಸಾರ್ಟನ್ ಮತ್ತೆ ಶುರು ಮಾಡುವ ದಿನವನ್ನೂ ಆ ರಿಪೋರ್ಟ್ ನೋಡಿಯೇ ಅವರು ಹೇಳಲಿ. ಡಾಪಾಗ್ಲಿಫ್ಲೋಜಿನ್ ಮಾತ್ರ ಅವರು ಹೊಟ್ಟೆ ತುಂಬ ಊಟ ಮಾಡುವವರೆಗೂ ಬೇಡ.